ನಾಲ್ಕನೆಯವರು ಚಾಂಪಿಯನ್ ಹೇಗಾದರು?

‘ಜಿಮ್ನಾಸ್ಟ್ ದೀಪಾ ಕರ್ಮಾಕರ್ ಕುರಿತ ಲೇಖನಕ್ಕೆ ಚಾಂಪಿಯನ್ ಎಂದು ತಲೆಬರಹ ಕೊಟ್ಟಿದ್ದೀರಿ. ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದವರು ಚಾಂಪಿಯನ್ ಹೇಗಾದರು? ನಿಷೇಧದ ವಿಷಯವನ್ನಂತೂ ನುಂಗಿಯೇಬಿಟ್ಟಿದ್ದೀರಿ.’
– ಓದುಗರೊಬ್ಬರು, ಶಿರಸಿ

ಎರಡನೆಯ ಆಕ್ಷೇಪಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದೇ. 2021ರ ಅಕ್ಟೋಬರ್‌ನಲ್ಲಿ ಪಡೆದ ಮಾದರಿಯಲ್ಲಿ ಹೈಜೆನಮೈನ್ ಎಂಬ ನಿಷೇಧಿತ ವಸ್ತು ಪತ್ತೆಯಾಗಿ ದೀಪಾ 21 ತಿಂಗಳು ಹೊರಗುಳಿದರು. ತಿಳಿಯದೆ ಸೇವಿಸಿದ್ದಾಗಿ ಅವರು ಹೇಳಿದರು. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಆ ಅವಕಾಶವನ್ನೇ ನಾವು ಕೊಡಲಿಲ್ಲ. ಕ್ಷಮೆಯಿರಲಿ.

ಇನ್ನು ನಾಲ್ಕನೆಯ ಸ್ಥಾನ. ದೀಪಾ ಅವರ ಸ್ಪರ್ಧೆ ವಾಲ್ಟ್, ಅಂದರೆ ಓಡಿಬಂದು ಮೇಜಿಗೆ ಕೈಯೂರಿ ಜಿಗಿಯುವುದು. ಅದರ ಫೈನಲ್‌ನಲ್ಲಿ ಎರಡು ಜಿಗಿತಗಳ ಸರಾಸರಿಯೇ ಅಂಕ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ ಅವರದು 14.866 ಮತ್ತು 15.266, ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ಅಂದರೆ ಒಂದೇ ಜಿಗಿತದಲ್ಲಿ 0.3 ಹೆಚ್ಚು ಬಂದಿದ್ದರೆ ಇಬ್ಬರೂ ಸರಿಸಮ. ಎರಡನೆಯ ಜಿಗಿತ ಪ್ರೊಡುನೊವಾ: ಓಡಿಬಂದು, ಮೇಜಿಗೆ ಕೈಯೂರಿ ಚಿಮ್ಮಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಇಳಿಯಬೇಕು. ಮುಂದಕ್ಕೆ ಲಾಗ ಹಾಕುವವರಿಗೆ ಇಳಿಯುವ ನೆಲ ಕಾಣುವುದಿಲ್ಲ. ದೀಪಾ ಕಾಲ ಮೇಲೇ ಇಳಿದರು, ಆದರೆ ತೀರ ಕುಕ್ಕರಿಸಿದಂತೆ, ಆ 0.3 ಹೋದದ್ದು ಅಲ್ಲಿಯೇ ಎಂಬುದು ನನ್ನ ಗುಮಾನಿ. ಅದೇ ಫೈನಲ್‌ನಲ್ಲಿ ಅದೇ ಜಿಗಿತಕ್ಕೆ ಕೈಹಾಕಿದ 41 ವರ್ಷದ ಒಕ್ಸಾನಾ ಚುಸೊವಿಟಿನಾ ನೆಲಕ್ಕೆ ಉರುಳಿದರು. ಚಪ್ಪಟೆ ಪಾದದ ಅಗರ್ತಲದ ಹುಡುಗಿಯನ್ನು ತರಬೇತುದಾರ ಬಿಶ್ವೇಶ್ವರ ನಂದಿ ಇಲ್ಲಿಯವರೆಗೆ ತಂದದ್ದೇ ದೊಡ್ಡದು. ಚಿಮ್ಮುವ ಕ್ರೀಡೆಗೆ ಅಂಥ ಪಾದ ಹೇಳಿಮಾಡಿಸಿದ ಅಡ್ಡಿ.

ಆದರೂ ನಿಮ್ಮ ಮಾತು ಸರಿ: ನಾಲ್ಕನೆಯ ಸ್ಥಾನಕ್ಕೆ ಚಾಂಪಿಯನ್ ಎನ್ನಲಾಗದು. ನಾವು ಹಾಗೆಂದದ್ದು ತಾಷ್ಕೆಂಟ್‌ಗಾಗಿ. 2024ರ ಮೇ ತಿಂಗಳಲ್ಲಿ ಅಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ವಾಲ್ಟ್‌ನಲ್ಲಿ ದೀಪಾ 13.566 ಅಂಕ ಗಳಿಸಿ ಚಿನ್ನ ಗೆದ್ದರು. ಅದುವರೆಗೆ ಭಾರತದ ಯಾರೂ ಆ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಿರಲಿಲ್ಲ. ಅಂಕ ರಿಯೊಗಿಂತ ಬಹಳ ಕಡಿಮೆ, ನಿಜ. ಆದರೆ ಆಗ ಅವರಿಗೆ 30 ವರ್ಷ, ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ನಿಷೇಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ನಿವೃತ್ತರಾದರು.

ನಮ್ಮ ಲೇಖನ ರಿಯೊಗೆ ಎರಡು ಪುಟ ಕೊಟ್ಟು ತಾಷ್ಕೆಂಟನ್ನು ಒಂದೇ ಸಾಲಿನಲ್ಲಿ ಮುಗಿಸಿತ್ತು. ನಿಷೇಧವನ್ನು ಮುಚ್ಚಿಟ್ಟ ಮೇಲೆ ಆ ಚಿನ್ನದ ತೂಕ ಓದುಗರಿಗೆ ತಿಳಿಯುವುದಾದರೂ ಹೇಗೆ? ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ತಲೆಬರಹವನ್ನು ಮಾತ್ರ ಬದಲಿಸುವುದಿಲ್ಲ.

– ಸಂ.