ಸಣ್ಣ ವಿಮಾನ ಬಿದ್ದ ಮೇಲೆ ಅವಶೇಷವನ್ನು ಕೂಡಲೇ ಯಾಕೆ ತೆಗೆಯುವುದಿಲ್ಲ?

ಮೊದಲು ಜೀವ, ಅಲ್ವಾ? ಒಳಗಿರುವವರನ್ನು ಹೊರತೆಗೆಯಲು, ಬೆಂಕಿ ಆರಿಸಲು ಏನು ಬೇಕಾದರೂ ಕತ್ತರಿಸಬಹುದು, ಸರಿಸಬಹುದು. ಭಾರತದ ವಿಮಾನ ಅಪಘಾತ ತನಿಖಾ ನಿಯಮಗಳಲ್ಲೇ ಇದಕ್ಕೆ ಅವಕಾಶವಿದೆ. ಅದಾದ ಮೇಲೆ ಅನುಮತಿ ಇಲ್ಲದೆ ಸುಮ್ನೆ ಏನನ್ನೂ ಅಲುಗಾಡಿಸುವಂತಿಲ್ಲ.

ಯಾಕೆಂದರೆ ಆ ಚೂರುಗಳೇ ಸಾಕ್ಷಿ. ಸಣ್ಣ ವಿಮಾನಗಳಲ್ಲಿ ಬ್ಲ್ಯಾಕ್ ಬಾಕ್ಸ್ ಎಷ್ಟೋ ಸಲ ಇರುವುದೇ ಇಲ್ಲ. ಪ್ರೊಪೆಲ್ಲರನ್ನೇ ನೋಡಿ. ಅಲಗುಗಳು ತಿರುಚಿಕೊಂಡು, ಅಡ್ಡಡ್ಡ ಗೀರು ಬಿದ್ದಿದ್ದರೆ ನೆಲಕ್ಕೆ ಬಡಿದಾಗ ಎಂಜಿನ್ ಓಡುತ್ತಿತ್ತು ಅನ್ನೋ ಸುಳಿವು. ಒಂದೇ ಅಲಗು ಹಿಂದಕ್ಕೆ ಬಾಗಿ, ಇನ್ನೊಂದು ನೆಟ್ಟಗಿದ್ದರೆ ಎಂಜಿನ್ ಮೊದಲೇ ನಿಂತಿರಬಹುದು. ಹಾಗಾಗಿ ಹೊಲದಲ್ಲಿ ಸಿಕ್ಕ ಚೂರನ್ನು ದಯವಿಟ್ಟು ನೆನಪಿಗೆಂದು ಮನೆಗೆ ಒಯ್ಯಬೇಡಿ.

ಫೋಟೊ, ಅಳತೆ ಎಲ್ಲ ಮುಗಿದ ಮೇಲೆ ಉಳಿದ ಇಂಧನ ಖಾಲಿ ಮಾಡಿ, ರೆಕ್ಕೆ ಬಿಚ್ಚಿ, ಕ್ರೇನಿನಿಂದ ಲಾರಿಗೆ ಹೇರಿ ಸಾಗಿಸುತ್ತಾರೆ.