ಹುಡುಗನಿಗಿಂತ ಮೊದಲು ಅವನು ಸೇರಿದ ಮನೆ

ಓದುಗರ ಪತ್ರ

ಮಾನ್ಯ ಸಂಪಾದಕರೇ,
ಹೋದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟ್ ಬಗ್ಗೆ ಬರೆಯುತ್ತ ‘ಐದನೆಯ ಸುತ್ತಿನಿಂದಾಚೆಗೆ ಎಲ್ಲವೂ ಲಾಟರಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಾನು ಹದಿಮೂರು ವರ್ಷಗಳಿಂದ ಓಹಿಯೋದ ಕೊಲಂಬಸ್‌ನಲ್ಲಿದ್ದೇನೆ. ಶನಿವಾರದ ಕಾಲೇಜು ಪಂದ್ಯ ತಪ್ಪಿಸಿದವನಲ್ಲ. ಕಚೇರಿಯ ಹನ್ನೆರಡು ಮಂದಿ ಸೇರಿ ಫ್ಯಾಂಟಸಿ ಲೀಗ್ ಆಡುತ್ತೇವೆ. ಹೊಸ ಆಟಗಾರರನ್ನು ಆರಿಸುವಾಗ ಈ ಸಲ ನನ್ನ ಪಾಳಿ ಕೊನೆಯದು. ಯಾರೂ ಲೆಕ್ಕಕ್ಕೆ ಹಿಡಿಯದ ಹುಡುಗರಲ್ಲಿ ಬೆಳಗುವವರನ್ನು ಮೊದಲೇ ಗುರುತಿಸಲು ಸಾಧ್ಯವೇ ಇಲ್ಲವೇ? ದಯವಿಟ್ಟು ನನ್ನ ಹೆಸರು ಹಾಕಬೇಡಿ.
– ಮೂಲತಃ ದಾವಣಗೆರೆಯ ಓದುಗ

ಸಂಪಾದಕರ ಉತ್ತರ

ಮಾನ್ಯರೇ,

ಹೆಸರು ಹಾಕಿಲ್ಲ. ನಿಮ್ಮ ಹನ್ನೊಂದು ಎದುರಾಳಿಗಳಲ್ಲಿ ಕನ್ನಡ ಓದುವವರು ಎಷ್ಟು ಮಂದಿಯೋ ತಿಳಿಯದು, ಆದರೂ ಎಚ್ಚರಿಕೆ ಒಳ್ಳೆಯದೇ.

ಲಾಟರಿ ಎಂಬ ಮಾತು ನನ್ನದೇ. ಪುಟ ಮುಗಿಯುತ್ತ ಬಂದಿತ್ತು, ಒಂದು ಪದದಲ್ಲಿ ಕೈ ತೊಳೆದುಕೊಂಡೆ. ಲಾಟರಿಯಲ್ಲಿ ಎಲ್ಲ ಚೀಟಿಗಳಿಗೂ ಒಂದೇ ಬೆಲೆ, ಒಂದೇ ಅವಕಾಶ. ಡ್ರಾಫ್ಟ್‌ನ ಕೊನೆಯ ಸುತ್ತುಗಳಲ್ಲಿ ಬೆಲೆ ಒಂದೇ ಇರಬಹುದು, ಅವಕಾಶ ಖಂಡಿತ ಒಂದೇ ಅಲ್ಲ. ಅಷ್ಟರ ಮಟ್ಟಿಗೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಶನಿವಾರ ಟಿವಿಯ ಮುಂದೆ ಕುಳಿತು ಹುಡುಗನ ಆಟ ನೋಡಿದರೆ ಅವನ ಭವಿಷ್ಯ ತಿಳಿಯುತ್ತದೆ ಎಂಬ ನಿಮ್ಮ ನಂಬಿಕೆಗೆ ಪೂರ್ತಿ ತಲೆಯಾಡಿಸಲಾರೆ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕದ ವೃತ್ತಿಪರ ಲೀಗಿನ 32 ತಂಡಗಳು ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಐಪಿಎಲ್‌ನಂತೆ ಇಲ್ಲಿ ಹರಾಜು ಕೂಗುವುದಿಲ್ಲ, ಪಾಳಿಯ ಲೆಕ್ಕ. ಹಿಂದಿನ ವರ್ಷ ತೀರಾ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಪಾಳಿ. ಏಳು ಸುತ್ತು ಮುಗಿಯುವ ಹೊತ್ತಿಗೆ ಸುಮಾರು 260 ಹುಡುಗರ ಹೆಸರು ಕೂಗಿರುತ್ತಾರೆ. ಫ್ಯಾಂಟಸಿ ಎಂದರೆ ಆ ಆಟಗಾರರನ್ನು ಕಾಗದದ ಮೇಲೆ ನಮ್ಮ ತಂಡಕ್ಕೆ ಸೇರಿಸಿಕೊಂಡು, ಅವರು ನಿಜವಾದ ಪಂದ್ಯದಲ್ಲಿ ಗಳಿಸಿದ ಗಜಗಳಿಗೆ ಮತ್ತು ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ಒಯ್ದು ಪಡೆಯುವ ಟಚ್‌ಡೌನ್‌ಗಳಿಗೆ ಅಂಕ ಎಣಿಸುವ ಆಟ. ಭಾರತದಲ್ಲಿರುವ ಓದುಗರು ಒಂದು ವಿಷಯ ನೆನಪಿಡಬೇಕು: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿದೆ. ನನ್ನ ಮಾತುಗಳು ಮೋಜಿಗಾಗಿ ಆಡುವವರಿಗೆ ಮಾತ್ರ.

ನೀವು ಕೊಲಂಬಸ್‌ನವರಾದ್ದರಿಂದ ನಿಮ್ಮೂರಿನ ಹುಡುಗನಿಂದಲೇ ಶುರು ಮಾಡುತ್ತೇನೆ. 2020ರ ಡಿಸೆಂಬರ್‌ನ ಬಿಗ್ ಟೆನ್ ಕಾಲೇಜು ಲೀಗಿನ ಫೈನಲ್ ನಿಮಗೆ ನೆನಪಿರಲೇಬೇಕು. ಓಹಿಯೋ ಸ್ಟೇಟ್‌ನ ಟ್ರೇ ಸರ್ಮನ್ ನಾರ್ತ್‌ವೆಸ್ಟರ್ನ್ ವಿರುದ್ಧ ಒಂದೇ ಪಂದ್ಯದಲ್ಲಿ ಚೆಂಡು ಹಿಡಿದು 331 ಗಜ ಓಡಿದ್ದರು. ಮುಂದಿನ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಮೂರನೆಯ ಸುತ್ತಿನಲ್ಲಿ ಅವರನ್ನು ಆರಿಸಿತು. ಅದೇ ತಂಡ ಆರನೆಯ ಸುತ್ತಿನಲ್ಲಿ, 194ನೆಯವರಾಗಿ, ಲೂಸಿಯಾನ ಎಂಬ ಸಣ್ಣ ಕಾಲೇಜು ತಂಡದ ಎಲೈಜಾ ಮಿಚೆಲ್ ಅವರನ್ನೂ ಆರಿಸಿತು. ಫ್ಯಾಂಟಸಿ ಜನರೆಲ್ಲ ಸರ್ಮನ್ ಹಿಂದೆ ಬಿದ್ದರು. ಸೀಸನ್‌ನ ಮೊದಲ ಪಂದ್ಯ ಡೆಟ್ರಾಯಿಟ್‌ನಲ್ಲಿ. ಸರ್ಮನ್ ಗಾಯವಿಲ್ಲದೆಯೂ ಅಂದಿನ ತಂಡದಿಂದ ಹೊರಗೆ. ಮುಖ್ಯ ಓಟಗಾರ ರಹೀಮ್ ಮೊಸ್ಟರ್ಟ್ ಮೊಣಕಾಲು ಹಿಡಿದುಕೊಂಡು ಹೊರಟಾಗ ಚೆಂಡು ಬಂದದ್ದು ಮಿಚೆಲ್ ಕೈಗೆ. ಅಂದು 104 ಗಜ, ಸೀಸನ್ ಮುಗಿದಾಗ 11 ಪಂದ್ಯಗಳಲ್ಲಿ 963 ಗಜ.

ಸರ್ಮನ್ ಅವರ ಆ ದಿನದ ಓಟವನ್ನು ನೀವು ಕಣ್ಣಾರೆ ನೋಡಿದ್ದಿರಿ. ಕಣ್ಣು ಸುಳ್ಳು ಹೇಳಿರಲಿಲ್ಲ. ಆದರೂ ಆಗಸ್ಟ್‌ನ ತಾಲೀಮಿನಲ್ಲಿ ತರಬೇತುದಾರರು ಕಂಡದ್ದು ಬೇರೆ.

ಆ ತರಬೇತುದಾರರು ಯಾರು ಎಂಬುದೇ ನನ್ನ ಇಡೀ ಉತ್ತರದ ಬೇರು. ಕೈಲ್ ಶಾನಹಾನ್. ಅವರ ತಂದೆ ಮೈಕ್ ಶಾನಹಾನ್ 1995ರಲ್ಲಿ ಡೆನ್ವರ್ ತಂಡದ ಹೊಣೆ ಹೊತ್ತರು. ಅದೇ ವರ್ಷ ಆರನೆಯ ಸುತ್ತಿನಲ್ಲಿ, 196ನೆಯವರಾಗಿ ಬಂದವರು ಟೆರೆಲ್ ಡೇವಿಸ್. ಅವರು ಮೊದಲು ಸೇರಿದ್ದ ಕಾಲೇಜು ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟಿತ್ತು, ಜಾರ್ಜಿಯಾಕ್ಕೆ ಹೋದರು. ಡೆನ್ವರ್‌ನಲ್ಲಿಯೂ ಸಾಲಿನ ಕೊನೆಯಲ್ಲಿ ನಿಂತಿದ್ದವರನ್ನು ತರಬೇತುದಾರರು ಗಮನಿಸಿದ್ದು ಟೋಕಿಯೋದಲ್ಲಿ ನಡೆದ ಅಭ್ಯಾಸ ಪಂದ್ಯದಲ್ಲಿ, ಅದೂ ಓಟಕ್ಕಾಗಿ ಅಲ್ಲ: ಕಿಕ್ ಮಾಡಿದ ಚೆಂಡು ಹಿಡಿದು ಬರುತ್ತಿದ್ದ ಎದುರಾಳಿಯನ್ನು ಡಿಕ್ಕಿ ಹೊಡೆದು ಕೆಡವಿದ್ದಕ್ಕೆ. ಆ ವರ್ಷ 1,117 ಗಜ ಓಡಿದರು. 1998ರಲ್ಲಿ 2,008.

ಇದೊಂದು ಆಕಸ್ಮಿಕ ಎನ್ನೋಣ. ಆದರೆ ಡೇವಿಸ್ ಮೊಣಕಾಲು ಮುರಿದುಕೊಂಡ 1999ರಲ್ಲಿ ನಾಲ್ಕನೆಯ ಸುತ್ತಿನ ಒಲಾಂಡಿಸ್ ಗ್ಯಾರಿ 1,159 ಗಜ ಓಡಿದರು. 2000ದಲ್ಲಿ ಆರನೆಯ ಸುತ್ತಿನ ಮೈಕ್ ಆ್ಯಂಡರ್ಸನ್ 1,487. ಈ ಆ್ಯಂಡರ್ಸನ್ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ, ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರು. ನೌಕಾಪಡೆಯ ಮರೀನ್ ಸೇವೆ ಮುಗಿಸಿ ಕಾಲೇಜಿಗೆ ಹೋಗಿ, 27ನೆಯ ವಯಸ್ಸಿನಲ್ಲಿ ಲೀಗಿಗೆ ಕಾಲಿಟ್ಟರು. ಮುಂದೆ ಮೈಕ್ ಶಾನಹಾನ್ ವಾಷಿಂಗ್ಟನ್ ತಂಡಕ್ಕೆ ಹೋದರು. 2012ರಲ್ಲಿ ಆರನೆಯ ಸುತ್ತಿನ ಆಲ್ಫ್ರೆಡ್ ಮಾರಿಸ್ 1,613 ಗಜ ಓಡಿದರು. ಅದೇ ಗರಡಿಯ ಗ್ಯಾರಿ ಕುಬಿಯಾಕ್ ಹ್ಯೂಸ್ಟನ್‌ನಲ್ಲಿದ್ದಾಗ, ಏಳು ಸುತ್ತುಗಳಲ್ಲೂ ಯಾರೂ ಹೆಸರು ಕೂಗದಿದ್ದ ಏರಿಯನ್ ಫಾಸ್ಟರ್ 2010ರಲ್ಲಿ 1,616 ಗಜಗಳೊಂದಿಗೆ ಇಡೀ ಲೀಗಿಗೆ ಮೊದಲಿಗರಾದರು. ಇಷ್ಟೆಲ್ಲ ಆದಮೇಲೂ 2021ರಲ್ಲಿ ಮಿಚೆಲ್ ಹೆಸರು ಕೇಳಿ ಜನ ಬೆರಗಾದರು ಎಂಬುದೇ ನನಗೆ ಬೆರಗು.

ಇದರ ಹಿಂದೆ ಮಂತ್ರವೇನೂ ಇಲ್ಲ. ಈ ಮನೆತನದ ಪದ್ಧತಿಯಲ್ಲಿ ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನ ದಢೂತಿಗಳೆಲ್ಲ ಒಂದೇ ಕಡೆಗೆ, ಬಾಗಿಲು ಸರಿಸಿದ ಹಾಗೆ, ಒಟ್ಟಿಗೆ ಜರುಗುತ್ತಾರೆ. ಎದುರಾಳಿಗಳೂ ಅವರೊಂದಿಗೆ ಜರುಗಲೇಬೇಕು, ಎಲ್ಲೋ ಒಂದು ಕಡೆ ಸಂದು ಬಿಡುತ್ತದೆ. ಓಟಗಾರ ತಾಳ್ಮೆಯಿಂದ ಎರಡು ಹೆಜ್ಜೆ ಕಾದು, ಸಂದು ಕಂಡ ಕ್ಷಣ ಒಂದೇ ತಿರುವಿನಲ್ಲಿ ನುಗ್ಗಬೇಕು. ನಾಲ್ಕು ಸಲ ತಿರುಗಿ ಪ್ರೇಕ್ಷಕರನ್ನು ರಂಜಿಸುವ ಹುಡುಗ ಇಲ್ಲಿ ಬೈಸಿಕೊಳ್ಳುತ್ತಾನೆ. ಡ್ರಾಫ್ಟ್‌ಗೆ ಮುನ್ನ ನಡೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್ ಪರೀಕ್ಷೆಯಲ್ಲಿ 40 ಗಜವನ್ನು ಎಷ್ಟು ಸೆಕೆಂಡಿನಲ್ಲಿ ಓಡಿದ ಎಂದು ಅಳೆಯುತ್ತಾರೆ; ಆ ತಾಳ್ಮೆಯನ್ನು ಅಳೆಯುವ ಗಡಿಯಾರವಿಲ್ಲ. ಹಾಗಾಗಿ ಅದು ಕೊನೆಯ ಸುತ್ತುಗಳಲ್ಲಿ ಅಗ್ಗಕ್ಕೆ ಸಿಗುತ್ತದೆ.

ಹಿಂದೆ ನಮ್ಮಲ್ಲಿ ಸಂಬಂಧ ಬೆಳೆಸುವಾಗ ಹಿರಿಯರು ವರನನ್ನು ನೋಡಲು ಹೊರಟು ಅವನ ಮನೆಯನ್ನು ನೋಡಿಕೊಂಡು ಬರುತ್ತಿದ್ದರು. ಕೊಟ್ಟಿಗೆ, ಬಾವಿ, ಅಣ್ಣತಮ್ಮಂದಿರು ಎಷ್ಟು, ಜಮೀನು ಯಾರ ಹೆಸರಿನಲ್ಲಿದೆ. ಕೊನೆಯ ಸುತ್ತಿನ ಆಟಗಾರನನ್ನೂ ಹಾಗೆಯೇ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಪುಕಾ ನಕುವಾ ಅವರನ್ನೇ ತೆಗೆದುಕೊಳ್ಳಿ. 2023ರಲ್ಲಿ ಐದನೆಯ ಸುತ್ತು, 177ನೆಯವರು, ಲಾಸ್ ಏಂಜಲೀಸ್ ರ್‍ಯಾಮ್ಸ್. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹೆಚ್ಚು ಚೆಂಡು ಸಿಗದೆ ತವರಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಮರಳಿದ್ದರು. ವೇಗ ಸಾಧಾರಣ, ಮೈಯಲ್ಲಿ ಗಾಯಗಳ ಚರಿತ್ರೆ. ಆದರೆ ಅಲ್ಲಿನ ತರಬೇತುದಾರರು ಒಂದು ಕೆಲಸ ಮಾಡಿದ್ದರು: ಎಸೆದ ಚೆಂಡು ಹಿಡಿಯುವ ಈ ಹುಡುಗನಿಗೆ ಓಡಲೂ ಚೆಂಡು ಕೊಡುತ್ತಿದ್ದರು. ಹೇಗಾದರೂ ಮಾಡಿ ಇವನ ಕೈಗೆ ಚೆಂಡು ತಲುಪಿಸಬೇಕು ಎಂದು ದಿನವೂ ಜೊತೆಗಿದ್ದ ಗುರುವಿಗೇ ಅನ್ನಿಸಿದರೆ, ಆ ಸುಳಿವನ್ನು ನಾನು ಗಡಿಯಾರಕ್ಕಿಂತ ಹೆಚ್ಚು ನಂಬುತ್ತೇನೆ. ನಿಮ್ಮ ಶನಿವಾರಗಳು ಪ್ರಯೋಜನಕ್ಕೆ ಬರುವುದು ಇಲ್ಲಿ.

ಇನ್ನು ಅವರು ಸೇರಿದ ಮನೆ. ರ್‍ಯಾಮ್ಸ್ ತಂಡ ವರ್ಷಗಟ್ಟಲೆ ತನ್ನ ಮೊದಲ ಸುತ್ತಿನ ಪಾಳಿಗಳನ್ನು ಮಾರಿಕೊಂಡಿತ್ತು. ಕೆಳಗಿನ ಸುತ್ತುಗಳ ಹುಡುಗರನ್ನು ಮೈದಾನಕ್ಕಿಳಿಸದೆ ಅದಕ್ಕೆ ಗತಿಯಿರಲಿಲ್ಲ. ಮುಖ್ಯ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವ ಆಟಗಾರ, ಕೂಪರ್ ಕಪ್ ಗಾಯಗೊಂಡು ಮೊದಲ ನಾಲ್ಕು ಪಂದ್ಯ ತಪ್ಪಿಸಿಕೊಂಡರು. ನಕುವಾ ಮೊದಲ ಪಂದ್ಯದಲ್ಲಿ 10 ಸಲ, ಎರಡನೆಯದರಲ್ಲಿ 15 ಸಲ ಚೆಂಡು ಹಿಡಿದರು. ವರ್ಷದ ಕೊನೆಗೆ 105 ಕ್ಯಾಚ್, 1,486 ಗಜ. ಎರಡೂ ಅಂದಿಗೆ ಹೊಸಬರ ದಾಖಲೆ. ಗಜಗಳ ದಾಖಲೆಯಂತೂ 1960ರಿಂದ ಅಲುಗಾಡದೆ ನಿಂತಿತ್ತು. ಅದೇ ತಂಡದಲ್ಲಿ, ಅದೇ ವರ್ಷ, ಹಿಂದಿನ ಡ್ರಾಫ್ಟ್‌ನ ಐದನೆಯ ಸುತ್ತಿನ ಕೈರನ್ ವಿಲಿಯಮ್ಸ್ 12 ಪಂದ್ಯಗಳಲ್ಲಿ 1,144 ಗಜ ಓಡಿದರು. 40 ಗಜಕ್ಕೆ 4.65 ಸೆಕೆಂಡು ತೆಗೆದುಕೊಂಡ ಓಟಗಾರ ಅವರು. ಆ ಅಂಕಿ ಕಂಡು ಎಷ್ಟೋ ಜನ ಅವರ ಹೆಸರಿಗೆ ಅಡ್ಡಗೆರೆ ಎಳೆದಿದ್ದರು. ಈ ತಂಡದ ತರಬೇತುದಾರ ಶಾನ್ ಮೆಕ್‌ವೇ ಹಿಂದೆ ವಾಷಿಂಗ್ಟನ್‌ನಲ್ಲಿ ಯಾರ ಕೈಕೆಳಗೆ ಕೆಲಸ ಮಾಡಿದ್ದರು ಎಂದು ನಾನು ಹೇಳಬೇಕಾಗಿಲ್ಲ.

ಮನೆ ಕಾಲೇಜಿನ ಕಾಲದಲ್ಲೂ ಲೆಕ್ಕಕ್ಕೆ ಬರುತ್ತದೆ, ಉಲ್ಟಾ ರೀತಿಯಲ್ಲಿ. ಅಯೋವಾದ ಜಾರ್ಜ್ ಕಿಟಲ್ ಕಾಲೇಜಿನ ಇಡೀ ಅವಧಿಯಲ್ಲಿ ಹಿಡಿದದ್ದು 48 ಚೆಂಡು. ಅವರದು ಟೈಟ್ ಎಂಡ್ ಸ್ಥಾನ, ತಡೆಯುವುದೂ ಚೆಂಡು ಹಿಡಿಯುವುದೂ ಎರಡೂ ಕೆಲಸ; ಓಟವನ್ನೇ ನೆಚ್ಚಿದ ಆ ತಂಡದಲ್ಲಿ ಅದೆಂದರೆ ಎದುರಾಳಿಯನ್ನು ತಡೆಯುವ ಕೂಲಿ ಕೆಲಸ. 2017ರ ಐದನೆಯ ಸುತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಅವರನ್ನು ಆರಿಸಿತು; ಮರುವರ್ಷವೇ ಅವರು 1,377 ಗಜ ಗಳಿಸಿ ಆ ಸ್ಥಾನದ ಅಂದಿನ ದಾಖಲೆ ಬರೆದರು. ಸಣ್ಣ ಅಂಕಿ ಕಂಡಾಗ ಹುಡುಗನಿಗೆ ಬರುವುದಿಲ್ಲವೋ, ಅವನಿಗೆ ಕೊಟ್ಟಿರಲಿಲ್ಲವೋ ಎಂದು ಕೇಳಿಕೊಳ್ಳಿ.

ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಹೆಚ್ಚು ಹೇಳಲಾರೆ. 2000ದಲ್ಲಿ 199ನೆಯವರಾಗಿ ಬಂದ ಟಾಮ್ ಬ್ರೇಡಿಯವರ ಕಥೆ ಕೇಳಿ ಕೇಳಿ ಸವೆದಿದೆ. 2022ರ ಕೊನೆಯ ಆಯ್ಕೆ, 262ನೆಯವರು, ಬ್ರಾಕ್ ಪರ್ಡಿ. ಕೊನೆಯವನಿಗೆ ‘ಮಿಸ್ಟರ್ ಇರ್ರೆಲೆವೆಂಟ್’ ಎಂದು ತಮಾಷೆಯ ಬಿರುದು ಕೊಟ್ಟು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನಲ್ಲಿ ಮೆರೆಸುವ ಪದ್ಧತಿ 1976ರಿಂದಲೂ ಇದೆ. ಅವರ ಮುಂದಿದ್ದ ಇಬ್ಬರೂ ಗಾಯಗೊಂಡ ಮೇಲೆ ಪಾಳಿ ಬಂತು. ಆರಂಭದಿಂದ ಆಡಿದ ಮೊದಲ ಪಂದ್ಯದಲ್ಲಿಯೇ 262ನೆಯವರು 199ನೆಯವರ ತಂಡವನ್ನು 35–7ರಿಂದ ಸೋಲಿಸಿದರು. ಒಬ್ಬನೇ ಆಡುವ ಸ್ಥಾನಕ್ಕೆ ಇಬ್ಬರು ಬೀಳಲಿ ಎಂದು ಕಾಯುವುದು ಫ್ಯಾಂಟಸಿಯಲ್ಲಿ ಯೋಜನೆ ಎನಿಸಿಕೊಳ್ಳುವುದಿಲ್ಲ. ತಂಡವೂ ಅದೇ ಶಾನಹಾನ್ ತಂಡ ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ.

ಇನ್ನೊಂದು ಗೊಂದಲ ನಿಮ್ಮ ಪತ್ರದಲ್ಲಿಯೂ ಇಣುಕುತ್ತದೆ. ಒಳ್ಳೆಯ ಆಟಗಾರ ಮತ್ತು ಒಳ್ಳೆಯ ಫ್ಯಾಂಟಸಿ ಆಟಗಾರ ಒಬ್ಬನೇ ಆಗಿರಬೇಕಿಲ್ಲ. ಫಿಲಡೆಲ್ಫಿಯಾದ ಜೇಸನ್ ಕೆಲ್ಸಿ 2011ರ ಆರನೆಯ ಸುತ್ತಿನವರು, ತಮ್ಮ ಕಾಲದ ಅತ್ಯುತ್ತಮ ಸೆಂಟರ್‌ಗಳಲ್ಲೊಬ್ಬರು; ಸೆಂಟರ್ ಕೆಲಸ ಎದುರಾಳಿಯನ್ನು ತಡೆಯುವುದು, ಗಜ ಗಳಿಸುವುದಲ್ಲ, ಹಾಗಾಗಿ ನಿಮ್ಮ ಲೀಗಿನಲ್ಲಿ ಅವರ ಗಳಿಕೆ ಸೊನ್ನೆ. ಇದಕ್ಕೆ ವಿರುದ್ಧವಾದದ್ದು 2006ರ ಮಾರ್ಕ್ವೆಸ್ ಕೋಲ್ಸ್ಟನ್ ಪ್ರಸಂಗ. ಹಾಫ್‌ಸ್ಟ್ರಾ ಕಾಲೇಜಿನಿಂದ ಏಳನೆಯ ಸುತ್ತಿನಲ್ಲಿ, 252ನೆಯವರಾಗಿ ನ್ಯೂ ಆರ್ಲಿಯನ್ಸ್‌ಗೆ ಬಂದ ಈ ರಿಸೀವರ್ ಅನ್ನು ಕೆಲವು ಫ್ಯಾಂಟಸಿ ಪಟ್ಟಿಗಳು ಟೈಟ್ ಎಂಡ್ ಎಂದು ನಮೂದಿಸಿದ್ದವು. ಆ ದುರ್ಬಲ ಸ್ಥಾನದಲ್ಲಿ ಅವರ 1,038 ಗಜಗಳನ್ನು ಕೂರಿಸಿಕೊಂಡವರು ಆ ವರ್ಷ ಹಬ್ಬ ಮಾಡಿದರು. ಅವರ ಎದುರಾಳಿಗಳು ಈಗಲೂ ಆ ವಿಷಯ ತೆಗೆದರೆ ಜಗಳಕ್ಕೆ ಬರುತ್ತಾರೆ ಎಂದು ಊಹಿಸಬಲ್ಲೆ.

ನಾನು ಇಲ್ಲಿಯವರೆಗೆ ಗೆದ್ದವರ ಹೆಸರನ್ನಷ್ಟೇ ಹೇಳಿದ್ದೇನೆ. ಐದರಿಂದ ಏಳನೆಯ ಸುತ್ತಿನವರೆಗೆ ಪ್ರತಿ ವರ್ಷ ನೂರಕ್ಕೂ ಹೆಚ್ಚು ಹುಡುಗರು ಬರುತ್ತಾರೆ. ಬಹುಪಾಲು ಹೆಸರುಗಳು ನಮ್ಮ ಕಿವಿಗೇ ಬೀಳುವುದಿಲ್ಲ. ಗೆದ್ದವರ ಕುರ್ಚಿಗೂ ಮೂರೇ ಕಾಲು. ಮಿಚೆಲ್ 2022ರ ಮೊದಲ ಪಂದ್ಯದಲ್ಲಿ ಮೊಣಕಾಲಿಗೆ ಗಾಯ ಮಾಡಿಕೊಂಡರು, ಅಕ್ಟೋಬರ್‌ನಲ್ಲಿ ತಂಡ ಕ್ರಿಶ್ಚಿಯನ್ ಮೆಕ್ಯಾಫ್ರಿಯವರನ್ನು ಕರೆತಂದಿತು, ಅಲ್ಲಿಗೆ ಕಥೆ ಮುಗಿಯಿತು. ಮೊದಲ ಸುತ್ತಿನ ಹುಡುಗ ಎಡವಿದರೆ ಎರಡು ವರ್ಷ ಕಾಯುತ್ತಾರೆ, ಆರನೆಯ ಸುತ್ತಿನವನು ಎಡವಿದರೆ ಬದಲಿ ಹುಡುಕುತ್ತಾರೆ. ಆದ್ದರಿಂದ ಮಿಚೆಲ್‌ನಂಥವರು ಸಿಕ್ಕಿದ ವರ್ಷವೇ, ಚಳಿಗಾಲ ಮುಗಿಯುವ ಮೊದಲು, ಒಳ್ಳೆಯ ಬೆಲೆಗೆ ಬದಲಾಯಿಸಿಕೊಳ್ಳಿ. ಹೃದಯಹೀನ ಸಲಹೆ ಎನ್ನಿಸಬಹುದು; ಕಾಗದದ ತಂಡಕ್ಕೆ ಹೃದಯ ಏಕೆ?

ಹೆಸರು ಕೊಡಿ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಸಾಲುಗಳ ನಡುವೆ ಅದೇ ಇದೆ. ನಮ್ಮದು ಮಾಸಪತ್ರಿಕೆ, ಅಚ್ಚಾಗಿ ಓಹಿಯೋ ತಲುಪುವಷ್ಟರಲ್ಲಿ ನಾನು ಹೇಳಿದ ಹುಡುಗ ಗಾಯಗೊಂಡಿರುತ್ತಾನೆ. ಬದಲಿಗೆ ಒಂದು ಉದಾಹರಣೆ ಕೊಡುತ್ತೇನೆ. 2025ರಲ್ಲಿ ವಾಷಿಂಗ್ಟನ್ ಏಳನೆಯ ಸುತ್ತಿನಲ್ಲಿ, 245ನೆಯವರಾಗಿ ಜಾಕೋರಿ ಕ್ರೋಸ್ಕಿ-ಮೆರಿಟ್ ಅವರನ್ನು ಆರಿಸಿತು. 2023ರಲ್ಲಿ ನ್ಯೂ ಮೆಕ್ಸಿಕೋ ಪರ 1,190 ಗಜ ಓಡಿದ್ದರು. ಮರುವರ್ಷ ಅರಿಜೋನಾಕ್ಕೆ ಹೋದಾಗ ಅರ್ಹತೆಯ ತಕರಾರಿನಿಂದ ಒಂದೇ ಪಂದ್ಯ ಆಡಿದ್ದರು. ಅಂದರೆ ಕಡೆಗಣಿಸಿದ್ದಕ್ಕೆ ಕಾರಣ ಆಟದ ಕೊರತೆಯಲ್ಲ, ನೋಡಲು ಆಟವೇ ಇರಲಿಲ್ಲ. ಆಗಸ್ಟ್‌ನಲ್ಲಿ ತಂಡ ತನ್ನ ಮುಖ್ಯ ಓಟಗಾರ ಬ್ರಯನ್ ರಾಬಿನ್ಸನ್ ಅವರನ್ನು ಬೇರೆ ತಂಡಕ್ಕೆ ಕೊಟ್ಟಿತು. ಎರಡನೆಯ ಪಂದ್ಯದಲ್ಲಿ ಇನ್ನೊಬ್ಬ ಓಟಗಾರ ಆಸ್ಟಿನ್ ಎಕಲರ್ ಗಾಯಗೊಂಡರು. ಅಕ್ಟೋಬರ್‌ನಲ್ಲಿ ಚಾರ್ಜರ್ಸ್ ತಂಡದ ವಿರುದ್ಧ ಈ ಹೊಸಬರು 111 ಗಜ ಓಡಿದರು. ಆಗಸ್ಟ್‌ನ ಆ ಸುದ್ದಿ ಓದಿದ ದಿನವೇ ಎಚ್ಚೆತ್ತವರಿಗೆ ಅವರು ಬಹಳ ಅಗ್ಗಕ್ಕೆ ಸಿಕ್ಕಿದ್ದರು.

ನಿಮ್ಮ ಕೊನೆಯ ಪಾಳಿಗೆ ನನ್ನ ಸಲಹೆ ಇಷ್ಟು: ರಿಸೀವರ್‌ಗಿಂತ ಓಟಗಾರನನ್ನು ಹಿಡಿಯಿರಿ, ಅವನ ಬಾಗಿಲು ಬೇಗ ತೆರೆಯುತ್ತದೆ. ತಂಡಗಳು ತಮ್ಮ ಪಟ್ಟಿಯನ್ನು 53 ಮಂದಿಗೆ ಇಳಿಸುವ ಆಗಸ್ಟ್ ಕೊನೆಯ ವಾರದವರೆಗೆ ಅವನನ್ನು ಇಟ್ಟುಕೊಳ್ಳಿ. ಅವನ ಮುಂದಿದ್ದವರಲ್ಲಿ ಯಾರೂ ಕದಲದಿದ್ದರೆ ಬಿಟ್ಟುಬಿಡಿ. ಓಹಿಯೋ ಸ್ಟೇಟ್‌ನ ಹುಡುಗ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ಆರಿಸಬೇಡಿ. ಇದು ಕಷ್ಟ ಎಂದು ಗೊತ್ತು.

ಯಾರನ್ನು ಆರಿಸಿದಿರಿ ಎಂದು ಸೆಪ್ಟೆಂಬರ್‌ನಲ್ಲಿ ಬರೆಯಿರಿ. ಆಗಲಾದರೂ ಹೆಸರು ಹಾಕಬಹುದೇ ಎಂಬುದನ್ನೂ ತಿಳಿಸಿ.

– ಸಂ.