ನೋವು ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ?

ಪ್ರಿಯ ಓದುಗರೇ,

ಮೆದುಳಿನ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ನಕ್ಷತ್ರಗಳು ಯಾವುದರಿಂದ ಆಗಿವೆ ಎಂದು ಇಲ್ಲಿಂದಲೇ ಹೇಳುವ ವಿಜ್ಞಾನಕ್ಕೆ ತಲೆಯೊಳಗಿನ ಮನಸ್ಸನ್ನು ವಿವರಿಸಲು ಯಾಕೆ ಆಗುತ್ತಿಲ್ಲ? ಆಗದಿದ್ದರೆ, ಅದು ಆತ್ಮದ ವಿಷಯ, ನಮ್ಮ ಕೆಲಸ ಅಲ್ಲ ಅಂತ ಒಪ್ಪಿಕೊಳ್ಳಬಾರದೇ?" ಎಂದು ಕೇಳಿದ್ದೀರಿ. ವಿವರಿಸಲು ಆಗಿಲ್ಲ ಎನ್ನುವ ಮಾತು ನಿಜ. ಒಪ್ಪಿಕೊಂಡು ಕೈಬಿಡಬೇಕು ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಮಾಹಿತಿ ಸಾಲದು ಅನ್ನುವುದು ಇಲ್ಲಿ ಮುಖ್ಯ ತೊಂದರೆ ಅಲ್ಲ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದರಿಂದ ಇನ್ನೊಂದಕ್ಕೆ ಸಂಕೇತ ಹೇಗೆ ದಾಟುತ್ತದೆ ಎಂಬುದು ಗೊತ್ತು. ಹಲ್ಲು ನೋಯುವಾಗ ಯಾವ ನರ ಸುದ್ದಿ ಒಯ್ಯುತ್ತದೆ ಎಂಬುದೂ ಗೊತ್ತು. ಸಂಕೇತ ಬಂತು, ಕೈ ಕೆನ್ನೆಗೆ ಹೋಯಿತು. ಅಲ್ಲಿಗೇ ಕೆಲಸ ಮುಗಿಯಬಹುದಿತ್ತು ಅಲ್ವಾ? ಆದರೂ ಒಳಗೆ ನೋಯುತ್ತದೆ. ಆ ನೋಯುವಿಕೆ ಯಾಕಿದೆ? ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನೇ ಪ್ರಜ್ಞೆಯ 'ಕಠಿಣ ಸಮಸ್ಯೆ' ಎಂದು ಕರೆದರು. ನೆನಪು, ಗಮನ, ಮಾತು ಇವೆಲ್ಲ ಹೇಗೆ ಕೆಲಸ ಮಾಡುತ್ತವೆ ಎಂದು ತೋರಿಸಿದ ಮೇಲೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದರ ಬೇರು ಹಳೆಯದು. ರುಚಿ, ವಾಸನೆ, ಬಣ್ಣಗಳು ವಸ್ತುವಿನಲ್ಲಿ ಇಲ್ಲ, ಅನುಭವಿಸುವ ಜೀವಿಯಲ್ಲಿವೆ ಎಂದು ಗೆಲಿಲಿಯೊ 1623ರಲ್ಲೇ ಬರೆದ. ಆಕಾರ, ಸಂಖ್ಯೆ, ಚಲನೆ ಅಳತೆಗೆ ಸಿಗುತ್ತವೆ. ಅವನ್ನು ಹಿಡಿದೇ ಭೌತವಿಜ್ಞಾನ ಬೆಳೆಯಿತು. ಅಂದು ಬದಿಗಿಟ್ಟದ್ದನ್ನು ಇಂದು ಅದೇ ಅಳತೆಗೋಲಿನಿಂದ ಅಳೆಯಲು ಹೊರಟಿದ್ದೇವೆ.

ಇನ್ನೊಬ್ಬರ ಅರಿವಿಗೆ ಸಾಕ್ಷಿ ಅವರೊಬ್ಬರೇ. ಪ್ರಯೋಗಾಲಯದಲ್ಲಿ ಪರದೆಯ ಮೇಲೆ ಒಂದು ಚಿತ್ರ ಕ್ಷಣಕಾಲ ಮೂಡಿ ಮರೆಯಾಗುತ್ತದೆ. ಕಂಡರೆ ಗುಂಡಿ ಒತ್ತಿ ಎನ್ನುತ್ತಾರೆ. ಎಷ್ಟೇ ದುಬಾರಿ ಯಂತ್ರ ಇರಲಿ, ಆ ಗುಂಡಿಯ ಉತ್ತರದ ಜೊತೆ ಇಟ್ಟು ನೋಡಿದಾಗಲೇ ಅದು ತೋರಿಸುವ ಗೆರೆಗಳಿಗೆ ಅರ್ಥ ಬರುವುದು. ಹಾಗಾದರೆ ಗುಂಡಿ ಒತ್ತಲಾಗದವರ ಗತಿ ಏನು? ನನ್ನನ್ನು ಜಾಸ್ತಿ ಕಾಡುವ ಪ್ರಶ್ನೆ ಇದು.

2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ರಸ್ತೆ ಅಪಘಾತದಲ್ಲಿ ಮೆದುಳಿಗೆ ಪೆಟ್ಟಾಗಿದ್ದ 23 ವರ್ಷದ ಯುವತಿ. ಕಣ್ಣು ತೆರೆದಿರುತ್ತಿತ್ತು, ಆದರೆ ಏನು ಹೇಳಿದರೂ ಪ್ರತಿಕ್ರಿಯೆ ಇಲ್ಲ. ಆಕೆಗೆ ಅರಿವಿಲ್ಲ ಎಂದೇ ವೈದ್ಯರು ತಿಳಿದಿದ್ದರು. ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, "ಟೆನಿಸ್ ಆಡುತ್ತಿರುವ ಹಾಗೆ ಕಲ್ಪಿಸಿಕೊಳ್ಳಿ" ಎಂದರು. ಆಮೇಲೆ, "ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುವ ಹಾಗೆ ಕಲ್ಪಿಸಿಕೊಳ್ಳಿ" ಎಂದರು. ಆರೋಗ್ಯವಂತರ ಮೆದುಳಿನಲ್ಲಿ ಯಾವ ಯಾವ ಭಾಗ ಚುರುಕಾಗುತ್ತದೋ ಆಕೆಯಲ್ಲೂ ಅದೇ ಭಾಗಗಳು ಚುರುಕಾದವು. ಆಕೆ ಕೇಳಿಸಿಕೊಂಡಿದ್ದಳು! 2010ರಲ್ಲಿ ಇಂಥದೇ ಸ್ಥಿತಿಯಲ್ಲಿದ್ದ ಇನ್ನೊಬ್ಬ ರೋಗಿ, ಹೌದು ಎನ್ನಲು ಟೆನಿಸ್, ಅಲ್ಲ ಎನ್ನಲು ಮನೆ ನೆನೆದು ಪ್ರಶ್ನೆಗಳಿಗೆ ಉತ್ತರ ಕೊಟ್ಟ. 2024ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಹೇಳಿದ್ದಕ್ಕೆ ಮೈ ಅಲುಗಿಸಲಾಗದ 241 ಮಂದಿಯಲ್ಲಿ 60 ಮಂದಿಯ ಮೆದುಳು ಸೂಚನೆಯನ್ನು ಪಾಲಿಸಿತು. ಅಂದರೆ ನಾಲ್ವರಲ್ಲಿ ಒಬ್ಬರು.

ಈ ಪ್ರಯೋಗಗಳು ಕಠಿಣ ಸಮಸ್ಯೆಯನ್ನು ಬಿಡಿಸಿಲ್ಲ. ಟೆನಿಸ್ ನೆನೆಯುವುದು ಆ ಯುವತಿಗೆ ಹೇಗನ್ನಿಸಿತು ಎಂದು ಯಾವ ಚಿತ್ರವೂ ಹೇಳಲಿಲ್ಲ. ಆದರೆ "ಇದು ವಿಜ್ಞಾನದ ಕೆಲಸ ಅಲ್ಲ" ಎಂದು ಓವನ್ ಮತ್ತು ಸಂಗಡಿಗರು ಸುಮ್ನೆ ಕೂತಿದ್ದರೆ, ಆಕೆಗೆ ಅರಿವಿದೆ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೈಬಿಟ್ಟಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1980ರ ದಶಕದವರೆಗೂ ಅನೇಕ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಔಷಧದ ಅಪಾಯದ ಭಯ ಒಂದು ಕಾರಣ. ಎಳೆ ಮೆದುಳಿಗೆ ನೋವು ತಿಳಿಯದು ಎಂಬ ನಂಬಿಕೆ ಇನ್ನೊಂದು. ಮಗುವಿನ ಅಳು ಅವರಿಗೆ ಸಾಕ್ಷಿ ಅನ್ನಿಸಲಿಲ್ಲ. ಇದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆ ಕಿವುಚುತ್ತದೆ.

ಆತ್ಮದ ಮಾತಿಗೆ ಬರುತ್ತೇನೆ. ನಿಮ್ಮ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆತ್ಮ ಎಂದುಕೊಂಡರೂ, ಅರಿವಳಿಕೆಯ ಔಷಧ ರಕ್ತಕ್ಕೆ ಸೇರಿದೊಡನೆ ಅರಿವು ಯಾಕೆ ಆರುತ್ತದೆ ಎನ್ನುವುದಕ್ಕೆ ಉತ್ತರ ಬೇಕೇ ಬೇಕು. ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇರುವ ಕಿರುಮೆದುಳಿಗೆ ಪೆಟ್ಟಾದರೆ ನಡಿಗೆ, ಮಾತು ತೊಡರುತ್ತವೆ, ಅರಿವು ಬಹುಮಟ್ಟಿಗೆ ಹಾಗೇ ಇರುತ್ತದೆ. ಯಾಕೆ ಹೀಗೆ? ಹುಡುಕಲೇಬೇಕು.

1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್ ಅವರು ಚಾಮರ್ಸ್ ಜೊತೆ ಪಂಥ ಕಟ್ಟಿದ್ದರು. ಅರಿವು ಮೂಡಿಸುವ ನರಕೋಶಗಳ ಗುರುತು 25 ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಎಂದು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ, ಜನರ ಮುಂದೆ ಸೋಲು ಒಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ನೀವು ಕೇಳಿದ ಒಪ್ಪಿಗೆ ಇದೇ ಅಲ್ವಾ? ಸೋತ ಮೇಲೂ ಅವರು ಹುಡುಕಾಟ ನಿಲ್ಲಿಸಲಿಲ್ಲ.

ನಿಮಗೆ ನನ್ನದೂ ಒಂದು ಪ್ರಶ್ನೆ ಇದೆ. ಎಂಥ ಉತ್ತರ ಸಿಕ್ಕರೆ 'ಹೌದು, ಮನಸ್ಸನ್ನು ವಿವರಿಸಿದರು' ಎಂದು ನೀವು ಒಪ್ಪುತ್ತೀರಿ? ದಯವಿಟ್ಟು ಬರೆಯಿರಿ, ಪ್ರಕಟಿಸುತ್ತೇವೆ.

ಸಂಪಾದಕ